ಚಿಲ್ಲರೆ ಬಾಕಿ

ಸಭೆಯಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬಳು.
ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಈಗಾಗಲೇ ಒಂದು ಪದವಿ ಪಡೆದವರ ಅರ್ಜಿಯನ್ನು
ಪರಿಗಣಿಸತಕ್ಕದ್ದಲ್ಲ.
ಆ ಸಾಲು ತಿದ್ದಿದ್ದೂ ನಾನೇ.
ಕರಡಿನಲ್ಲಿ ಬರೀ 'ಪರಿಗಣಿಸುವುದಿಲ್ಲ' ಎಂದಿತ್ತು,
ಗತ್ತು ಸಾಲದೆನಿಸಿತು.

ಕಾರಣವಿತ್ತು. ಇರುವುದು ಅರವತ್ತು ಸೀಟು.
ಪಾವಗಡದಿಂದ, ಸಿಂಧನೂರಿನಿಂದ ರಾತ್ರಿ ಬಸ್ಸು ಹಿಡಿದು
ಮೆಜೆಸ್ಟಿಕ್ಕಿನ ನಲ್ಲಿಯಲ್ಲಿ ಮುಖ ತೊಳೆದು
ಆಫೀಸು ತೆರೆಯುವ ಮೊದಲೇ ಗೇಟಿಗೆ ಬಂದು ನಿಲ್ಲುವ
ಹದಿನೇಳರ ಹುಡುಗಿಯರು.
ಅವರಿನ್ನೂ ಹಸಿದು ಕೂತಿರುವಾಗ
ಉಂಡೆದ್ದವರು ಮತ್ತೆ ಎಲೆ ಹಾಕಿಸಿಕೊಂಡರೆ ಹೇಗೆ, ಎಂದೆ.
ಎಲ್ಲರೂ ತಲೆಯಾಡಿಸಿದರು. ಟೀ ಬಂತು.

ಜೂನ್‌ನಲ್ಲಿ ಬಂದಳು ನೀಲವ್ವ ಹಡಪದ.
ರೋಣದ ಕಡೆಯವಳು. ವಯಸ್ಸು ಮೂವತ್ತೇಳು.
ಪಿಯುಸಿ ಸೈನ್ಸು. ಆಮೇಲೆ ದುಡ್ಡು ಸಾಲದೆ
ಬಿ.ಎ., ಇತಿಹಾಸ, ಎರಡನೇ ದರ್ಜೆ.
ಹದಿಮೂರು ವರ್ಷದಿಂದ ಸಿಟಿ ಬಸ್ಸಿನ ಕಂಡಕ್ಟರು.
ಮೊದಲ ಪಾಳಿ ಮುಗಿಸಿ ಖಾಕಿಯಲ್ಲೇ ಬಂದಿದ್ದಳು.
ಬ್ಯಾಗಿನ ಪಟ್ಟಿ ಉಜ್ಜಿ ಉಜ್ಜಿ
ಎಡಭುಜದ ಬಟ್ಟೆ ಬೆಳ್ಳಗಾಗಿತ್ತು.

ಸೇವೆ, ತ್ಯಾಗ, ದೀಪ ಹಿಡಿದ ತಾಯಿ,
ಇವನ್ನೆಲ್ಲ ಅರ್ಜಿಗಳಲ್ಲಿ ಓದಿ ಓದಿ
ನನಗೆ ಕಣ್ಣು ಕೂರುತ್ತದೆ.
ಅವಳು ಹೇಳಿದ್ದು ಇಷ್ಟು:

"ಬನಶಂಕರಿಯಿಂದ ಬರೋ ಟ್ರಿಪ್ಪು ರೀ.
ಕಿಟಕಿ ಸೀಟಿನ್ಯಾಗ ಒಬ್ಬ ಅಜ್ಜ. ಐವತ್ತರ ನೋಟು ಕೊಟ್ಟ.
ಟಿಕೆಟ್ಟಿನ ಹಿಂದ ಮೂವತ್ತು ಅಂತ ಬರದು ಕೊಟ್ಟೆ.
ಚಿಲ್ರಿ ಆದಮ್ಯಾಲೆ ಕೊಡಾಕ ಹೋದ್ರ
ತಲಿ ಗಾಜಿಗೆ ಆನಿಸಿದ್ದ. ನಿದ್ದಿ ಅನಕೊಂಡೆ.
ಮೂರು ಸ್ಟಾಪು ಎಬ್ಬಸಲಿಲ್ರೀ,
ಪಾಪ ದಣದಾನ, ಮಲಗ್ಲಿ ಅಂತ.
ಕಾರ್ಪೊರೇಷನ್ ಹತ್ರ ಕೈ ಹಿಡದೆ.
ನಾಡಿ ಎಲ್ಲಿ ನೋಡಬೇಕು ಅಂತ ನನಗ ಗೊತ್ತಿರಲಿಲ್ಲ.
ಅಷ್ಟ ರೀ.
ಆ ಮೂವತ್ತು ಇನ್ನೂ ಬ್ಯಾಗಿನ್ಯಾಗ ಐತಿ."

ನನ್ನ ಹದಿನೇಳರಲ್ಲಿ, ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲಿ,
ನರ್ಸ್ ಓದೆಂದರೆ ಬೇರೇನೂ ಸಿಗದವರ ಪಾಲು.
ಅಪ್ಪ ಪಾದ್ರಿಗಳ ಕೈಲಿ ಚೀಟಿ ಬರೆಸಿ ತಂದು
ಹಾಸ್ಟೆಲ್ಲಿನ ಬಾಗಿಲಲ್ಲಿ ಟ್ರಂಕು ಇಳಿಸಿ ಹೋದ.
ಬೇಕೆಂದು ನಾನು ಕೇಳಿರಲಿಲ್ಲ.
ಬೇಕೆನಿಸಲು ಮೂರು ವರ್ಷ ಹಿಡಿಯಿತು.

ಬೇಕೆಂದೇ ನಡೆದು ಬಂದವಳ ಮುಂದೆ
ಸುತ್ತೋಲೆ ಸರಿಸಿದೆ.
ಓದಿದಳು, ಸ್ಟಾಪಿನ ಹೆಸರು ಕೂಗುವಷ್ಟೇ ಸ್ಪಷ್ಟವಾಗಿ.
"ತಕ್ಕದ್ದಲ್ಲ ಅಂದ್ರ ಯಾರು ಮೇಡಂ,
ನಾನೋ, ಅರ್ಜಿನೋ?"
"ಅರ್ಜಿ," ಎಂದೆ.

(ಅರವತ್ತನೆಯ ಸೀಟು ಕೊನೆಗೆ ಸಿಂಧನೂರಿನ ಹುಡುಗಿಗೆ ಹೋಯಿತು.
ಚುರುಕು. ಮನೆಯಲ್ಲಿ ಮೊದಲ ಬಾರಿ ಹತ್ತನೇ ಕ್ಲಾಸು ದಾಟಿದವಳು.
ಅವಳ ಮುಖ ನೋಡಿದಾಗಲೆಲ್ಲ ನಿಯಮ ಸರಿ ಎನಿಸುತ್ತದೆ.
ಸಂಜೆ ಬಸ್ಸು ಹತ್ತಿದರೆ ಎನಿಸುವುದಿಲ್ಲ.)

ನೀಲವ್ವ ಮಾರ್ಕ್ಸ್‌ ಕಾರ್ಡು ಮಡಚಿ ಎದ್ದಳು.
ಬಾಗಿಲವರೆಗೆ ಹೋಗಿ ತಿರುಗಿದಳು:
"ಹೋಗ್ಲಿ ಬಿಡ್ರಿ. ನಾಡಿ ಎಲ್ಲಿ ನೋಡ್ತಾರ,
ಅದನ್ನಾರ ತೋರಸ್ರಿ."

ತೋರಿಸಿದೆ.
ಹೆಬ್ಬೆರಳ ಬುಡದ ಕೆಳಗೆ, ಎರಡು ಬೆರಳು, ಹಗುರವಾಗಿ.
ನಿನ್ನ ಹೆಬ್ಬೆರಳು ಮಾತ್ರ ಬೇಡ,
ಅದಕ್ಕೆ ಅದರದೇ ಬಡಿತವಿರುತ್ತದೆ,
ನಿನ್ನದನ್ನೇ ಅವರದೆಂದು ಎಣಿಸಿಬಿಡುತ್ತೀಯ.

ನನ್ನ ಕೈ ಹಿಡಿದಳು.
ನಾಣ್ಯದ ವಾಸನೆಯ ಬೆರಳು, ತುದಿ ಒರಟು.
ಗೋಡೆಯ ಗಡಿಯಾರ ನೋಡುತ್ತ
ತುಟಿ ಅಲುಗಿಸದೆ ಎಣಿಸಿದಳು ಪೂರ್ತಿ ಒಂದು ನಿಮಿಷ,
ತುಂಬಿದ ಬಸ್ಸಿನಲ್ಲಿ ಟಿಕೆಟ್ಟು ಕೊಳ್ಳದವರನ್ನು
ಎಣಿಸುವ ಹಾಗೆ.

"ನೂರಾ ನಾಕು. ಜಾಸ್ತಿ ಆತಲ್ಲೇನ್ರೀ?"

ಈಗಷ್ಟೇ ಮೆಟ್ಟಿಲು ಹತ್ತಿ ಬಂದೆ, ಎಂದೆ.

ನಮ್ಮ ಆಫೀಸಿರುವುದು ನೆಲಮಹಡಿಯಲ್ಲಿ.